ಬಲಗಡೆ ಜಾಗ ಸಾಲದ ಪದಗಳು

ಪಕ್ಕದ ಮನೆ ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈ ವರ್ಷ ಪಿಯುಸಿ ಸೈನ್ಸ್ ಸೇರಿದ್ದಾಳೆ. ಸಂಜೆ ಹೊತ್ತು ನಮ್ಮ ಜಗಲಿಯ ಮೇಲೆ ಕೂತು ಓದಿಕೊಳ್ಳುತ್ತಾಳೆ. ಅವಳ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. ಬರೆದ ಪ್ರತಿ ಹಾಳೆಯನ್ನೂ ಉದ್ದಕ್ಕೆ ಮಡಚಿ ನಡುವೆ ಗೆರೆ ಮೂಡಿಸಿದ್ದಾಳೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ. ಫೋಟೋಸಿಂಥೆಸಿಸ್, ದ್ಯುತಿಸಂಶ್ಲೇಷಣೆ. ಒಂದು ಸಾಲು, ಅಲ್ಲಿಗೆ ಮುಗಿಯಿತು. ನಾವೆಲ್ಲ ಹೆದರುವ ಉದ್ದುದ್ದ ಪದಗಳು ಅವಳ ಪುಸ್ತಕದಲ್ಲಿ ತಣ್ಣಗೆ ಕೂತಿವೆ.

ತೊಂದರೆ ಕೊಡುತ್ತಿರುವುದು ಸಣ್ಣ ಪದಗಳು. ‘ಸೆಟ್’ ಎಂದು ಬರೆದು ಎದುರಿಗೆ ‘ಗಣ’ ಎಂದಿದ್ದಳು. ಅದು ಗಣಿತದ್ದು. ಕೆಮಿಸ್ಟ್ರಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸೆಟ್ ಆಯಿತು, ಪಕ್ಕದಲ್ಲಿ ‘ಗಟ್ಟಿಯಾಗು’ ಸೇರಿತು. ಇಂಗ್ಲಿಷ್ ಪಾಠದಲ್ಲಿ ಸೂರ್ಯ ಸೆಟ್ ಆದ, ‘ಮುಳುಗು’ ಸೇರಿತು. ಆಮೇಲೆ ‘ಇಡು’, ‘ಜೋಡಿಸು’, ‘ಗೊತ್ತುಮಾಡಿದ’. ಬಲಗಡೆ ಜಾಗ ತುಂಬಿ ಅಕ್ಷರಗಳು ಮಾರ್ಜಿನ್ ದಾಟಿ ಅಂಚಿನಲ್ಲಿ ಮೇಲಕ್ಕೆ ಹತ್ತಿದ್ದವು.

“ತಾತ, ಇಷ್ಟರಲ್ಲಿ ನಿಜವಾದ ಅರ್ಥ ಯಾವುದು?”

30 ವರ್ಷ ಕನ್ನಡ ಪಾಠ ಹೇಳಿದವನು ನಾನು. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಅವತ್ತಿನಿಂದ ಈ ಟಿಪ್ಪಣಿಗಳು.

*

ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ‘ಸೆಟ್ಟನ್’ ಎಂದರೆ ಕೂರಿಸು. ‘ಸಿಟ್’ ಕೂರು, ‘ಸೆಟ್’ ಕೂರಿಸು. ಇಷ್ಟು ತಿಳಿದ ಮೇಲೆ ಅರ್ಧ ಗಂಟು ತಾನಾಗಿ ಬಿಚ್ಚಿತು. ನಾವೂ ಒಲೆ ಮೇಲೆ ಪಾತ್ರೆ ಕೂರಿಸುತ್ತೇವೆ, ಗೋಡೆಗೆ ಬಾಗಿಲು ಕೂರಿಸುತ್ತೇವೆ, ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ. ಉಂಗುರಕ್ಕೆ ಹರಳು ಕೂರಿಸುವ ಕೆಲಸಕ್ಕೆ ಇಂಗ್ಲಿಷ್ ಅಕ್ಕಸಾಲಿಗನೂ ಇದೇ ‘ಸೆಟ್’ ಅನ್ನುತ್ತಾನೆ. ಸೂರ್ಯ ದಿನವಿಡೀ ನಡೆದು ಪಡುವಣದಲ್ಲಿ ಕೂತ. ಗಾರೆ ಅಲ್ಲಾಡುವುದನ್ನು ನಿಲ್ಲಿಸಿ ಕೂತಿತು.

ಸಂಸ್ಕೃತದ ‘ಸದ್’ ಧಾತು ಇದಕ್ಕೆ ದೂರದ ನೆಂಟ. ಸದನ, ಸಂಸತ್ತು, ಪರಿಷತ್ತು, ಗುರುವಿನ ಹತ್ತಿರ ಕೂತು ಕಲಿಯುವ ಉಪನಿಷತ್ತು ಎಲ್ಲವೂ ಕೂರುವ ಮನೆತನದವು.

ಆದರೆ ಗಣಿತದ ‘ಸೆಟ್’ ಈ ಮನೆತನದ್ದಲ್ಲ. ಅದು ಲ್ಯಾಟಿನ್ನಿನ ‘ಸೆಕ್ಟ’ದಿಂದ ಹೊರಟು ಫ್ರೆಂಚ್ ಬಾಯಲ್ಲಿ ‘ಸೆಟ್’ ಆಗಿ ಇಂಗ್ಲಿಷಿಗೆ ಬಂದದ್ದು. ಒಬ್ಬನ ಹಿಂದೆ ನಡೆಯುವ ಅನುಯಾಯಿಗಳ ಗುಂಪು, ಪಂಥ ಎಂದು ಅರ್ಥ. ಹೊರಗಿನಿಂದ ಬಂದ ಈ ಪದ ಮೊದಲೇ ಮನೆಯಲ್ಲಿದ್ದ ‘ಸೆಟ್’ ಪಕ್ಕದಲ್ಲಿ ಕೂತಿತು. ಕಾಲಾಂತರದಲ್ಲಿ ಇಬ್ಬರ ಅರ್ಥಗಳೂ ಒಂದಕ್ಕೊಂದು ಬೆರೆತವು. ಹುಡುಗಿಯ ಪುಟದಲ್ಲಿ ಇದ್ದದ್ದು ಒಂದು ಪದವಲ್ಲ, ಎರಡು.

ಎರಡೋ ಮೂರೋ ದೋಸೆ ಒಟ್ಟಿಗೆ ಬರುವ ನಮ್ಮ ಸೆಟ್ ದೋಸೆ ಎರಡನೆಯದರ ಕಡೆಯದು. “ನನಗೂ ಅವನಿಗೂ ಸೆಟ್ ಆಗಲ್ಲ” ಎಂಬುದು ಎಲ್ಲಿಯದು? ಅದನ್ನು ಬೆಳೆಸಿಕೊಂಡವರು ನಾವೇ. ಕನ್ನಡದ ನೆಲದಲ್ಲೂ ಆ ಪದ ಸುಮ್ಮನೆ ಕೂರಲಿಲ್ಲ.

*

1989ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ನದೇ. 430ಕ್ಕೂ ಹೆಚ್ಚು ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಒಂದು ಸಾಧಾರಣ ಗಾತ್ರದ ಕಾದಂಬರಿಯಷ್ಟು ಬರವಣಿಗೆ ಮೂರಕ್ಷರದ ಪದವೊಂದಕ್ಕೆ! ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ನಿಘಂಟುಕಾರ ಪೀಟರ್ ಗಿಲಿವರ್ ಅದೊಂದರ ಮೇಲೆಯೇ ಒಂಬತ್ತು ತಿಂಗಳು ಕೂತು, ಕ್ರಿಯಾಪದದ ಅರ್ಥಗಳನ್ನಷ್ಟೇ 645ಕ್ಕೆ ತಂದು ನಿಲ್ಲಿಸಿದರು.

ಒಂಬತ್ತು ತಿಂಗಳು. ನಾವು ಮಕ್ಕಳಿಗೆ ‘ರನ್ ಎಂದರೆ ಓಡು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಪದಕ್ಕೆ ಹೋಗುತ್ತೇವೆ.

*

ಬಟ್ಟೆ ಅಂಗಡಿ. ಸೊಸೆ ಕೆಂಪು ಸೀರೆಯೊಂದರ ಸೆರಗನ್ನು ಬೆರಳಿಗೆ ಸುತ್ತಿ ಉಜ್ಜಿ ನೋಡುತ್ತಿದ್ದಳು. ಅಂಗಡಿಯವರು, “ಫಾಸ್ಟ್ ಕಲರ್ ಅಮ್ಮಾ, ಧೈರ್ಯವಾಗಿ ಒಗೀರಿ, ಬಣ್ಣ ಬಿಡಲ್ಲ” ಎಂದರು. ಸೀರೆಯ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಇದನ್ನೇ ಬರೆದಿತ್ತು: ಕಲರ್ ಫಾಸ್ಟ್, ವಿಲ್ ನಾಟ್ ರನ್.

ನಿಂತಲ್ಲೇ ಯೋಚನೆ ಹತ್ತಿತು. ಫಾಸ್ಟ್ ಎಂದರೆ ಜೋರು, ರನ್ ಎಂದರೆ ಓಡು. ಜೋರಾಗಿರುವ ಬಣ್ಣ ಓಡುವುದಿಲ್ಲ!

ಮನೆಗೆ ಬಂದು ನೋಡಿದರೆ ‘ಫಾಸ್ಟ್’ನ ಮೂಲ ಅರ್ಥ ಬಿಗಿ, ಗಟ್ಟಿ, ಅಲ್ಲಾಡದ್ದು. ಬಣ್ಣ ನೂಲನ್ನು ಗಟ್ಟಿಯಾಗಿ ಹಿಡಿದಿದೆ, ಆದ್ದರಿಂದ ಫಾಸ್ಟ್. ಗಾಢ ನಿದ್ದೆಗೆ ‘ಫಾಸ್ಟ್ ಅಸ್ಲೀಪ್’ ಅನ್ನುವುದೂ ಅದಕ್ಕೇ. ಅನ್ನ ಬಿಟ್ಟು ಕೂರುವ ಫಾಸ್ಟ್ ಕೂಡ ಇದೇ ಬೇರಿನದು. ಹಿಡಿದ ವ್ರತವನ್ನು ಬಿಗಿಯಾಗಿ ಪಾಲಿಸುವುದು. ಹಾಗಾದರೆ ವೇಗ ಎಲ್ಲಿಂದ ಬಂತು? ಬಿಗಿಯಾಗಿ ಮಾಡುವುದು, ಶಕ್ತಿ ಹಾಕಿ ಮಾಡುವುದು, ಶಕ್ತಿ ಹಾಕಿ ಓಡುವುದು, ಕೊನೆಗೆ ಬೇಗ ಓಡುವುದು. ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕದಲದ ಪದವೇ ಓಡುವ ಪದವಾಯಿತು.

ಇದು ನಂಬಲಾಗದ ಮಾತು ಅನ್ನಿಸಿದ್ದು ಒಂದು ಕ್ಷಣ ಮಾತ್ರ. ನಮ್ಮ ‘ಗಟ್ಟಿ’ ಏನು ಮಾಡಿದೆ? ಕಲ್ಲು ಗಟ್ಟಿ, ಮನಸ್ಸು ಗಟ್ಟಿ. “ಗಟ್ಟಿಯಾಗಿ ಓದು” ಎಂದು ಮೂರು ದಶಕ ಮಕ್ಕಳಿಗೆ ಹೇಳಿದ್ದೇನೆ, ದನಿ ಎತ್ತರಿಸಿ ಓದು ಎಂಬರ್ಥದಲ್ಲಿ. ದನಿಗೂ ಕಲ್ಲಿಗೂ ಏನು ಸಂಬಂಧ ಎಂದು ಒಂದು ಮಗುವೂ ನನ್ನನ್ನು ಕೇಳಲಿಲ್ಲ. ಕನ್ನಡ ಕಲಿಯುವ ಪರಊರಿನವರು ಕೇಳಿಯಾರು.

*

ಹುಡುಗಿ ಇವತ್ತು ಮಾತೇ ಆಡಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದಳು. ಕ್ಲಾಸಿನಲ್ಲಿ ‘ಸೌಂಡ್ ಸ್ಲೀಪ್’ ಎಂದರೇನು ಎಂದು ಕೇಳಿದರಂತೆ. ಇವಳು ಎದ್ದು ನಿಂತು “ಗೊರಕೆ ಹೊಡೆಯುವ ನಿದ್ದೆ” ಎಂದಳಂತೆ. ಎಲ್ಲರೂ ನಕ್ಕರಂತೆ, ಪಾಠ ಮಾಡುತ್ತಿದ್ದವರೂ.

ನನಗೆ ಆ ನಗು ಸಹಿಸಲಾಗಲಿಲ್ಲ. ಗೊತ್ತಿದ್ದ ಎರಡು ಪದಗಳನ್ನು ಹಿಡಿದು ಆ ಮಗು ನ್ಯಾಯವಾಗಿ ಲೆಕ್ಕ ಹಾಕಿ ಉತ್ತರ ಕಟ್ಟಿತ್ತು. ಅದು ಬುದ್ಧಿ ಓಡಿಸಿದವರ ಉತ್ತರ.

‘ಸೌಂಡ್’ ಒಂದಲ್ಲ, ನಾಲ್ಕು. ಸದ್ದು ಎಂಬ ಅರ್ಥದ್ದು ಲ್ಯಾಟಿನ್ನಿನ ‘ಸೋನಸ್’, ಸಂಸ್ಕೃತದ ‘ಸ್ವನ’ಕ್ಕೆ ನೆಂಟ. ಊನವಿಲ್ಲದ, ಆರೋಗ್ಯವಾದ ಎಂಬ ಅರ್ಥದ್ದು ಹಳೆಯ ಇಂಗ್ಲಿಷಿನ ‘ಗೆಸುಂಡ್’. ಜರ್ಮನರು ಇವತ್ತಿಗೂ ಆರೋಗ್ಯವಂತನನ್ನು ಹಾಗೇ ಕರೆಯುತ್ತಾರೆ. ನಿದ್ದೆಯದು ಇದು. ಎರಡು ನೆಲಗಳ ನಡುವಿನ ಕಿರಿದಾದ ಕಡಲು ಇನ್ನೊಂದು ಸೌಂಡ್. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಜಲಸಂಧಿಗೆ ಇದೇ ಹೆಸರು. ನಾವಿಕರು ನೀರಿನ ಆಳ ನೋಡುವುದು ಮತ್ತೊಂದು, ಫ್ರೆಂಚಿನ ‘ಸೋಂಡೆ’ಯಿಂದ ಬಂದದ್ದು.

ಇನ್ನೂ ಒಂದು ಮಾತು. ಸದ್ದಿನ ‘ಸೌಂಡ್’ಗೆ ಮೊದಲು ಕೊನೆಯಲ್ಲಿ ‘ಡಿ’ ಇರಲೇ ಇಲ್ಲ. 14ನೇ ಶತಮಾನದ ಕವಿ ಚಾಸರ್‌ನ ಕಾಲದಲ್ಲಿ ಅದು ‘ಸೂನ್’. ಆಮೇಲೆ ಜನರ ನಾಲಿಗೆ ತನಗೆ ತಾನೇ ಒಂದು ‘ಡಿ’ ಅಂಟಿಸಿತು. ಆ ಒಂದು ಅಕ್ಷರ ಬಂದು ಸೇರಿದ ಮೇಲೆ ಗೊರಕೆಯೂ ನೆಮ್ಮದಿಯ ನಿದ್ದೆಯೂ ಒಂದೇ ಉಡುಪು ತೊಟ್ಟವು. ಇಂಗ್ಲಿಷರ ನಾಲಿಗೆ ಮಾಡಿದ ಗೋಜಲಿಗೆ ಇಲ್ಲಿ ಒಂದು ಹುಡುಗಿ ತಲೆ ತಗ್ಗಿಸಬೇಕಾಯಿತು.

ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡಳು. ಹೋಗುವಾಗ, “ಹಾಗಿದ್ರೆ ನಾನು ಬೇರೆ ಸೌಂಡ್ ಹೇಳಿದೆ ಅಷ್ಟೇ ಅಲ್ವಾ ತಾತ?” ಎಂದಳು. ಅಷ್ಟೇ ಕಣಮ್ಮ ಎಂದೆ.

*

ಬೇರೆ ಬೇರೆ ಊರಿನಿಂದ ಹೊರಟ ಪದಗಳು ಒಂದೇ ರೂಪಕ್ಕೆ ಬಂದು ನಿಲ್ಲುವುದು ಹೇಗೆ? ಹಾಜರಿ ಪುಸ್ತಕ ನೆನಪಾಯಿತು. ಮಂಜುನಾಥ, ಮಂಜುಳಾ, ಮಂಜಪ್ಪ, ಮಂಜೇಗೌಡ. ಪುಸ್ತಕದಲ್ಲಿ ನಾಲ್ಕು ಹೆಸರು. ಆಟದ ಮೈದಾನದಲ್ಲಿ ನಿಂತು “ಮಂಜೂ” ಎಂದು ಕೂಗಿದರೆ ನಾಲ್ವರೂ ತಿರುಗುತ್ತಿದ್ದರು.

ಇಂಗ್ಲಿಷಿನಲ್ಲಿ ಆದದ್ದೂ ಇದೇ. ಹಳೆಯ ಇಂಗ್ಲಿಷಿನಲ್ಲಿ ಕರಡಿ ‘ಬೆರ’, ಹೊರು ಎಂಬುದು ‘ಬೆರನ್’. ನಮ್ಮ ವಿಭಕ್ತಿ, ಕ್ರಿಯಾಪ್ರತ್ಯಯಗಳಂತೆ ಆ ಭಾಷೆಯಲ್ಲೂ ಪದದ ಕೊನೆಗೆ ಬಾಲಗಳಿದ್ದವು. ಡೆನ್ಮಾರ್ಕಿನ ಕಡೆಯ ಡೇನರು ಇಂಗ್ಲೆಂಡಿಗೆ ಬಂದು ನೆಲೆಸಿದರು, 1066ರಲ್ಲಿ ನಾರ್ಮನ್ನರು ಗೆದ್ದು ಫ್ರೆಂಚ್ ತಂದರು. ಕೆಲವು ನೂರು ವರ್ಷಗಳಲ್ಲಿ ಬಾಲಗಳು ಬಹುಪಾಲು ಉದುರಿದವು. ಬಾಲ ಹೋದ ಮೇಲೆ ಕರಡಿಯೂ ‘ಬೇರ್’, ಹೊರುವುದೂ ‘ಬೇರ್’. ಮುದ್ರಕ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆಯುವ ಹೊತ್ತಿಗೆ ಈ ಕೆಲಸ ಬಹುತೇಕ ಮುಗಿದಿತ್ತು.

ಬಾವಲಿಯ ಕಥೆಯೂ ಹೀಗೇ. ಅದರ ಹಳೆಯ ಹೆಸರು ‘ಬ್ಯಾಕ್’ ಎಂಬಂತಿತ್ತು, ಉತ್ತರದ ಡೇನರ ಕಡೆಯಿಂದ ಬಂದದ್ದು. 16ನೇ ಶತಮಾನದಲ್ಲಿ ಅದು ‘ಬ್ಯಾಟ್’ ಆಗಿ, ಮೊದಲಿನಿಂದ ‘ಬ್ಯಾಟ್’ ಆಗಿಯೇ ಇದ್ದ ದೊಣ್ಣೆಯ ಪಕ್ಕಕ್ಕೆ ಬಂದು ನಿಂತಿತು. ನಾಯಿ ಬೊಗಳುವ ‘ಬಾರ್ಕ್’ ಇಂಗ್ಲಿಷರದು, ಮರದ ತೊಗಟೆಯ ‘ಬಾರ್ಕ್’ ಡೇನರದು. ದಿನಾಂಕದ ‘ಡೇಟ್’ ಲ್ಯಾಟಿನ್ನಿನ ‘ಕೊಟ್ಟದ್ದು’ ಎಂಬ ಪದ, ಪತ್ರವನ್ನು ಇಂಥ ದಿನ ಕೊಟ್ಟದ್ದು ಎಂದು ಬರೆಯುತ್ತಿದ್ದ ವಾಡಿಕೆಯಿಂದ. ಖರ್ಜೂರದ ‘ಡೇಟ್’ ಗ್ರೀಕರ ‘ಬೆರಳು’.

‘ಬೇರ್’ ಬಗ್ಗೆ ಇನ್ನೊಂದು. ಹೊರುವ ‘ಬೇರ್’ ಸಂಸ್ಕೃತದ ‘ಭೃ’ ಧಾತುವಿನ ಬಳಗ. ಭಾರ, ಭರಿಸು. ಇಂಗ್ಲಿಷರು ಖರ್ಚನ್ನೂ ‘ಬೇರ್’ ಮಾಡುತ್ತಾರೆ, ನೋವನ್ನೂ ‘ಬೇರ್’ ಮಾಡುತ್ತಾರೆ. ನಾವು ಖರ್ಚು ಭರಿಸುತ್ತೇವೆ, ನೋವು ಭರಿಸುತ್ತೇವೆ. ಹುಡುಗಿ ಇದನ್ನು ಬರೆದುಕೊಂಡು ಸುತ್ತ ಚೌಕ ಹಾಕಿದಳು.

*

‘ಮೀನ್’. ಉದ್ದೇಶಿಸು ಎಂಬುದು ಹಳೆಯ ಇಂಗ್ಲಿಷಿನದು. ಸರಾಸರಿ ಎಂಬುದು ಲ್ಯಾಟಿನ್ನಿನ ‘ಮೀಡಿಯಸ್’, ನಮಗೆ ಗೊತ್ತಿರುವ ‘ಮಧ್ಯ’. ಜಿಪುಣ, ಸಣ್ಣ ಬುದ್ಧಿಯವನು ಎಂಬುದು ಮೂರನೆಯದು. ಮೊದಲು ಅದಕ್ಕೆ ‘ಎಲ್ಲರಿಗೂ ಸೇರಿದ’ ಎಂಬ ಒಳ್ಳೆಯ ಅರ್ಥವಿತ್ತು. ಎಲ್ಲರದ್ದಾದದ್ದು ಸಾಮಾನ್ಯವಾಯಿತು, ಸಾಮಾನ್ಯವಾದದ್ದು ಕೀಳಾಯಿತು. ಈ ಇಳಿಜಾರು ನನಗೆ ಬೇಸರ ತರಿಸಿತು. ಎಲ್ಲರಿಗೂ ಸೇರಿದ್ದು ಕೀಳೆಂದು ತೀರ್ಮಾನಿಸಿದವರು ಯಾರು?

*

ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೆ ಗೊಂದಲ ಆಗುವುದಿಲ್ಲವೇ? ಡೇವಿಡ್ ಸ್ವಿನಿ ಎಂಬ ವಿದ್ವಾಂಸ 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದೆ. ‘ಬಗ್’ ಎಂದರೆ ಹುಳ, ಕದ್ದು ಕೇಳುವ ಯಂತ್ರವೂ ಹೌದು. ಜೇಡ, ಜಿರಲೆಗಳ ಪ್ರಸ್ತಾಪವಿದ್ದು ‘ಬಗ್’ ಎಂದರೆ ಹುಳವೇ ಎಂದು ಸ್ಪಷ್ಟವಾಗಿರುವ ವಾಕ್ಯವನ್ನು ಕೇಳಿಸಿದರು. ಆ ಪದ ಕಿವಿಗೆ ಬಿದ್ದ ಕೂಡಲೇ ಪರದೆಯ ಮೇಲೆ ಇನ್ನೊಂದು ಪದ ತೋರಿಸಿದರು. ‘ಇರುವೆ’ಯನ್ನೂ ಕೇಳುಗರು ಬೇಗ ಗುರುತಿಸಿದರು, ‘ಗೂಢಚಾರ’ನನ್ನೂ ಬೇಗ ಗುರುತಿಸಿದರು. ಮೂರು ಉಚ್ಚಾರಾಂಶದಷ್ಟು ಹೊತ್ತು ತಡೆದು ತೋರಿಸಿದಾಗ ಇರುವೆಗೆ ಮಾತ್ರ ಆ ಅನುಕೂಲ ಉಳಿದಿತ್ತು.

ಅಂದರೆ ಎಲ್ಲರ ತಲೆಯಲ್ಲೂ ಒಂದು ಗಳಿಗೆ ಎರಡೂ ಬಾಗಿಲು ತೆರೆಯುತ್ತವೆ. ಅವರಿಗೆ ಒಂದು ಬೇಗ ಮುಚ್ಚಿಕೊಳ್ಳುತ್ತದೆ. ನಮ್ಮ ಹುಡುಗಿಗೆ ಇನ್ನೂ ಮುಚ್ಚಿಕೊಳ್ಳುತ್ತಿಲ್ಲ, ಅಷ್ಟೇ ವ್ಯತ್ಯಾಸ.

*

1960ರಲ್ಲಿ ಯೆಹೋಶುವಾ ಬಾರ್-ಹಿಲೆಲ್ ಎಂಬ ತತ್ವಜ್ಞಾನಿ ಯಂತ್ರ ಯಾಕೆ ಸರಿಯಾಗಿ ಅನುವಾದ ಮಾಡಲಾರದು ಎಂದು ತೋರಿಸಲು ಆರಿಸಿದ್ದು ‘ಪೆನ್’ ಎಂಬ ಪದ. ಅವರ ಉದಾಹರಣೆ ಇದು: ಮಗು ಕಳೆದುಕೊಂಡ ಆಟಿಕೆ ಪೆಟ್ಟಿಗೆ ‘ಪೆನ್’ ಒಳಗೆ ಸಿಕ್ಕಿತು. ಬರೆಯುವ ಪೆನ್ನಿನೊಳಗೆ ಪೆಟ್ಟಿಗೆ ಹಿಡಿಸುವುದಿಲ್ಲ, ಆದ್ದರಿಂದ ಅದು ಮಕ್ಕಳನ್ನು ಆಡಲು ಬಿಡುವ ಕಟಾಂಜನದ ಆವರಣ. ಈ ತೀರ್ಮಾನಕ್ಕೆ ನಿಘಂಟು ಸಾಲದು, ಪೆಟ್ಟಿಗೆಯನ್ನೂ ಪೆನ್ನನ್ನೂ ಕಣ್ಣಾರೆ ಕಂಡಿರಬೇಕು.

*

‘ಪ್ಯೂಪಿಲ್’. ವಿದ್ಯಾರ್ಥಿಯೂ ಹೌದು, ಕಣ್ಣಿನ ನಡುವಿನ ಕರಿ ಬೊಟ್ಟೂ ಹೌದು. ಸಂಬಂಧವೇ ಇಲ್ಲ ಅನ್ನಿಸುವಂಥದ್ದು. ಲ್ಯಾಟಿನ್ನಿನಲ್ಲಿ ‘ಪೂಪ’ ಎಂದರೆ ಹುಡುಗಿ, ಬೊಂಬೆ. ಅದರಿಂದ ತಂದೆತಾಯಿ ಇಲ್ಲದೆ ಇನ್ನೊಬ್ಬರ ಆಸರೆಯಲ್ಲಿರುವ ಮಗುವಿಗೆ ಹೆಸರು ಬಂತು, ಅಲ್ಲಿಂದ ಗುರುವಿನ ಆಸರೆಯಲ್ಲಿರುವ ಶಿಷ್ಯನಿಗೆ. ಕಣ್ಣಿನದಕ್ಕೆ ‘ಪ್ಯೂಪಿಲ್ಲ’, ಪುಟ್ಟ ಬೊಂಬೆ. ಎದುರಿನವರ ಕಣ್ಣೊಳಗೆ ಹತ್ತಿರದಿಂದ ನೋಡಿದರೆ ನಮ್ಮದೇ ಒಂದು ಪುಟ್ಟ ರೂಪ ಕಾಣುತ್ತದಲ್ಲ, ಅದಕ್ಕೆ.

ಓದುತ್ತಿದ್ದವನು ಪುಸ್ತಕ ಕೆಳಗಿಟ್ಟೆ. ಕಣ್ಣ ಪಾಪೆ! ನಮ್ಮಲ್ಲೂ ‘ಪಾಪೆ’ ಎಂದರೆ ಬೊಂಬೆ, ಕಣ್ಣಿನ ಕರಿ ಬೊಟ್ಟೂ ಪಾಪೆಯೇ. ಸಂಸ್ಕೃತದ ‘ಕನೀನಿಕೆ’ಗೂ ಪುಟ್ಟ ಹುಡುಗಿ ಎಂಬರ್ಥವಿದೆ. ರೋಮಿನವರೂ ಕನ್ನಡದವರೂ ಒಬ್ಬರನ್ನೊಬ್ಬರು ಕೇಳಿ ಈ ಹೆಸರು ಇಡಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಕಣ್ಣು ನೋಡಿದ ತಾಯಂದಿರು ಎಲ್ಲ ಕಡೆಯೂ ಇದ್ದರು.

ಸಂಜೆ ಹುಡುಗಿಗೆ ಹೇಳಿದೆ. ಅವಳು ತಮ್ಮನನ್ನು ಎಳೆದು ತಂದು ಗಲ್ಲ ಹಿಡಿದು, ಕಿಟಕಿ ಬೆಳಕಿಗೆ ಮುಖ ತಿರುಗಿಸಿ, ಒಂದು ಗೇಣು ದೂರದಲ್ಲಿ ಉಸಿರು ಹಿಡಿದು ನೋಡಿದಳು. “ಇದೀನಿ ತಾತ. ಜಡೆ ಸಮೇತ ಕಾಣ್ತೀನಿ.”

*

ಕನ್ನಡದಲ್ಲಿ ಇದೆಲ್ಲ ಇಲ್ಲ ಎಂದು ಅವಳು ನಂಬಿದ್ದಳು. “ಹಸು ಕರೆ” ಎಂದೆ. “ಕೂಗಿ ಕರೆಯೋದಾ, ಹಾಲು ಕರೆಯೋದಾ?” ಎಂದು ಅವಳೇ ಕೇಳಿ, ಬಾಯಿಗೆ ಕೈ ಇಟ್ಟುಕೊಂಡಳು.

ಇಲ್ಲಿಯೂ ನಡೆದದ್ದು ಅದೇ ಸವೆತ. ಹಳಗನ್ನಡದಲ್ಲಿ ಕೂಗುವುದು ‘ಕರೆ’, ಹಾಲಿನದು ‘ಕಱೆ’. ‘ಱ’ ಎಂಬ ಶಕಟರೇಫ ಕನ್ನಡಿಗರ ಬಾಯಿಂದಲೂ ಬರಹದಿಂದಲೂ ಹೋಯಿತು, ಎರಡು ಪದ ಒಂದಾಯಿತು. ಸಮುದ್ರದ ಕರೆ, ಬಟ್ಟೆಯ ಮೇಲಿನ ಕರೆ ಬೇರೆ ಇವೆ. ಆರು, ಏಳು, ಹತ್ತು ಎಂದು ಎಣಿಸಿದೆ. ದೀಪ ಆರು, ಹಾಸಿಗೆಯಿಂದ ಏಳು, ಮರ ಹತ್ತು. ಅಮರಕೋಶದಲ್ಲಿ ಇಂಥವಕ್ಕೇ ಒಂದು ನಾನಾರ್ಥ ವರ್ಗವಿದೆ ಎಂದೂ ಹೇಳಿದೆ.

ನಮ್ಮಲ್ಲಿ ಪದದ ಬಾಲ ಇನ್ನೂ ಉಳಿದಿರುವುದರಿಂದ ಬಹಳ ಕಡೆ ದಾರಿ ತಪ್ಪುವುದಿಲ್ಲ. ‘ಹತ್ತಿದ’ ಎಂದ ಕೂಡಲೇ ಸಂಖ್ಯೆ ಹೊರಗೆ ಹೋಗುತ್ತದೆ. ಇಂಗ್ಲಿಷಿಗೆ ಆ ಆಸರೆ ಕಡಿಮೆ, ಅಕ್ಕಪಕ್ಕದ ಪದಗಳನ್ನೇ ನೆಚ್ಚಬೇಕು. ಎದುರುಬದುರು ಒಂದೊಂದೇ ಪದ ಬರೆದಿಟ್ಟು ಕಲಿಯಲಾಗದ ಭಾಷೆ ಅದು. ಮಡಚಿದ ಹಾಳೆಯ ಈ ಪದ್ಧತಿಯನ್ನು ಮಕ್ಕಳಿಗೆ ಕಲಿಸಿದವರು ಮೇಷ್ಟ್ರುಗಳಾದ ನಾವೇ.

*

ಭಾನುವಾರ. ಹೊರದೇಶದಲ್ಲಿರುವ ಮಗಳ ಮನೆಗೆ ಹೋಗಲೆಂದು ಮಾಡಿಸಿದ ಪಾಸ್‌ಪೋರ್ಟ್ ಬಂದಿತ್ತು. ಹುಡುಗಿ ಅದನ್ನು ಕೈಗೆತ್ತಿಕೊಂಡು, ರಾಷ್ಟ್ರಪತಿಯವರ ಹೆಸರಿನಲ್ಲಿ ವಿನಂತಿಸಿ ಬರೆದಿರುವ ಸಾಲುಗಳನ್ನು ಬೆರಳಿಟ್ಟು ಓದತೊಡಗಿದಳು. ‘ಬೇರರ್’ ಬಂತು. “ಹೊರುವವರು. ಭರಿಸು. ಕರಡಿ ಅಲ್ಲ” ಎಂದಳು, ನನ್ನನ್ನು ಕೇಳದೆ. ಮುಂದೆ ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’. ಅಲ್ಲಿ ಬೆರಳು ನಿಂತಿತು.

ಲೆಟ್ ಎಂದರೆ ಬಿಡು. ‘ಬಿಡುವುದು ಇಲ್ಲದೆ ಬಿಡಿ’ ಎಂದು ಬರೆಯುತ್ತಾರೆಯೇ?

ಹಳೆಯ ಇಂಗ್ಲಿಷಿನಲ್ಲಿ ಬಿಡುವುದು ‘ಲ್ಯಾಟನ್’, ತಡೆಯುವುದು ‘ಲೆಟ್ಟನ್’. ಬಾಲ ಹೋದ ಮೇಲೆ ಎದುರಾಳಿಗಳಿಬ್ಬರಿಗೂ ಒಂದೇ ಹೆಸರು. ತಡೆಯುವ ‘ಲೆಟ್’ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿ, ಈಗ ಈ ಸಾಲಿನಲ್ಲಿ, ಕಾನೂನಿನ ಭಾಷೆಯಲ್ಲಿ, ಟೆನ್ನಿಸ್ ಅಂಗಳದಲ್ಲಿ ಉಸಿರು ಹಿಡಿದುಕೊಂಡಿದೆ. ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಸರಿಯಾದ ಜಾಗದಲ್ಲೇ ಬಿದ್ದಾಗ ‘ಲೆಟ್’ ಎನ್ನುತ್ತಾರಲ್ಲ, ಅದು.

ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತನ್ನ ನೋಟ್‌ಬುಕ್ ತೆಗೆದು, ಮಡಿಕೆ ಇಲ್ಲದ ಹೊಸ ಪುಟ ಬಿಡಿಸಿ, ಮೇಲ್ಗಡೆ ‘ಲೆಟ್’ ಎಂದು ಬರೆದು, ನಿಘಂಟಿನಲ್ಲಿ ಇರುವ ಹಾಗೆಯೇ ಅದರ ಹೆಗಲ ಮೇಲೆ ಸಣ್ಣ ಅಂಕಿಗೆ ಜಾಗ ಬಿಟ್ಟಿದ್ದಳು.

“ತಾತ, ಇದು ಎಷ್ಟನೇ ಲೆಟ್ಟು?”